ಕೆಟ್ಟು ಕಡಲತೀರ ಸೇರು

ಬ್ರಿಟನ್ನಿನಲ್ಲಿ ಬಾಳುವೆ ಮಾಡಲು ಯಾವ ಊರು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು 2006ರಲ್ಲಿ ಅಲ್ಲಿನ ಚಾನೆಲ್ 4 ಟೀವಿ ಪಟ್ಟಿ ಮಾಡಿತು. ತಲೆಯಲ್ಲಿ ವಿಂಚೆಸ್ಟರ್ ನಿಂತಿತು, ತಳದಲ್ಲಿ ಲಂಡನ್ನಿನ ಹ್ಯಾಕ್ನಿ. ಮರುವರ್ಷದ ಪಟ್ಟಿಯಲ್ಲಿ ಎಡಿನ್‌ಬರೋ ಮೇಲೇರಿತು. ಕೊನೆಯ ಜಾಗ ಈಶಾನ್ಯ ಇಂಗ್ಲೆಂಡಿನ ಉಕ್ಕಿನ ಊರು ಮಿಡಲ್ಸ್‌ಬರೋ ಪಾಲಾಯಿತು. ಎರಡು ದಶಕ ಕಳೆದ ಮೇಲೆ ನೋಡಿದರೆ, ಹ್ಯಾಕ್ನಿಯಲ್ಲಿ ಮನೆ ಕೊಳ್ಳುವುದು ಕೈತುಂಬ ಸಂಬಳ ಎಣಿಸುವ ಗಂಡ ಹೆಂಡಿರಿಗೂ ಆಗದ ಮಾತು. ಮಿಡಲ್ಸ್‌ಬರೋ ಮಾತ್ರ ಇದ್ದಲ್ಲೇ ಇದೆ. ಒಂದೇ ಹಣೆಪಟ್ಟಿ ಹೊತ್ತ ಎರಡು ಊರುಗಳಲ್ಲಿ ಒಂದು ಎದ್ದು ಇನ್ನೊಂದು ಕೂತಲ್ಲೇ ಕೂತದ್ದೇಕೆ? ಈ ಪ್ರಶ್ನೆಗೆ ಆ ಪಟ್ಟಿಗಳಲ್ಲಿ ಉತ್ತರವಿಲ್ಲ. ಇಂಥ ಪಟ್ಟಿಗಳು ಊರಿನ ಗುಣವನ್ನು ಅಳೆಯುತ್ತೇವೆ ಎಂದುಕೊಂಡು, ದೇಶ ತನ್ನ ಹಣವನ್ನು ಎಲ್ಲಿ ಇಟ್ಟಿದೆ, ತನ್ನ ಬಡತನವನ್ನು ಎಲ್ಲಿಗೆ ಸಾಗಿಸಿದೆ ಎಂಬುದನ್ನು ಅಳೆಯುತ್ತಿವೆ ಎಂಬುದು ಈ ಲೇಖನದ ವಾದ.

ಮೊದಲು ಒಳ್ಳೆಯ ಊರುಗಳನ್ನು ನೋಡೋಣ. ಸಂಡೇ ಟೈಮ್ಸ್ ಪತ್ರಿಕೆ 2013ರಿಂದ ಪ್ರತಿ ವರ್ಷ ಇಂಥದೊಂದು ಪಟ್ಟಿ ಹೊರತರುತ್ತದೆ. 2018ರಲ್ಲಿ ಯಾರ್ಕ್, ಆಮೇಲೆ ವರ್ಷಕ್ಕೊಂದರಂತೆ ಸಾಲ್ಸ್‌ಬರಿ, ಆಲ್ಟ್ರಿಂಚಮ್, ಸ್ಟ್ರೌಡ್, ಇಲ್ಕ್ಲಿ, ವಾಡ್‌ಹರ್ಸ್ಟ್, ನಾರ್ತ್ ಬೆರಿಕ್, 2025ರಲ್ಲಿ ಸ್ಯಾಫ್ರನ್ ವಾಲ್ಡನ್ ಮೊದಲ ಸ್ಥಾನ ಪಡೆದವು. ಹೆಸರುಗಳು ಬದಲಾದರೂ ಚಿತ್ರ ಒಂದೇ. ಹಳೆಯ ಕಲ್ಲು ಕಟ್ಟಡಗಳ ಪೇಟೆಬೀದಿ, ಒಳ್ಳೆಯ ಸರ್ಕಾರಿ ಶಾಲೆ, ನಡೆದು ಹೋಗುವಷ್ಟು ಹತ್ತಿರದಲ್ಲಿ ಹಸಿರು, ದೊಡ್ಡ ನಗರಕ್ಕೆ ಬೇಗ ಮುಟ್ಟಿಸುವ ರೈಲು, ಕೈಯಲ್ಲಿ ನಾದಿದ ಬ್ರೆಡ್ ಮಾರುವ ಬೇಕರಿ. ಸಾಲ್ಸ್‌ಬರಿಗೆ ಈ ಗೌರವ ಬಂದದ್ದು ಅಲ್ಲಿ ರಷ್ಯಾದ ಮಾಜಿ ಗೂಢಚಾರನೊಬ್ಬನ ಮೇಲೆ ನೊವಿಚೋಕ್ ವಿಷಪ್ರಯೋಗ ನಡೆದ ಮರುವರ್ಷ. ಊರು ಆ ಪೆಟ್ಟನ್ನು ತಡೆದುಕೊಂಡ ಬಗೆಗೂ ತೀರ್ಪುಗಾರರು ಅಂಕ ಕೊಟ್ಟಿದ್ದರು. ಮೆಚ್ಚಬೇಕಾದ್ದೇ. ಆದರೆ ಈ ಊರುಗಳಲ್ಲಿ ಬಹುಪಾಲಿನಲ್ಲಿ ಇನ್ನೊಂದು ಸಮಾನ ಅಂಶವಿದೆ: ಸುತ್ತಮುತ್ತಲಿನ ಊರುಗಳಿಗಿಂತ ಮನೆ ದುಬಾರಿ.

ಇದು ಆಕಸ್ಮಿಕವಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞೆ ಜೆನ್ನಿಫರ್ ರೋಬ್ಯಾಕ್ 1982ರಲ್ಲಿ ಬರೆದ ಪ್ರಬಂಧವೊಂದು ಈ ವಿಷಯದಲ್ಲಿ ಇಂದಿಗೂ ಆಧಾರ. ಜನ ಎಲ್ಲಿಗೆ ಬೇಕಾದರೂ ಹೋಗಬಲ್ಲವರಾದರೆ, ಒಳ್ಳೆಯ ಗಾಳಿ, ಒಳ್ಳೆಯ ಶಾಲೆ, ಕಳ್ಳರ ಕಾಟವಿಲ್ಲದ ಬೀದಿ ಯಾವುದೂ ಪುಕ್ಕಟೆ ಉಳಿಯುವುದಿಲ್ಲ. ಎಲ್ಲವೂ ಬಾಡಿಗೆಯಲ್ಲಿ, ನಿವೇಶನದ ಬೆಲೆಯಲ್ಲಿ ಸೇರಿಹೋಗುತ್ತದೆ. ಪತ್ರಿಕೆ ‘ಇದು ಒಳ್ಳೆಯ ಊರು’ ಎಂದು ಹೇಳುವ ಎಷ್ಟೋ ಮೊದಲೇ ಎಸ್ಟೇಟ್ ಏಜೆಂಟನ ಕಿಟಕಿಗೆ ಅಂಟಿಸಿದ ಚೀಟಿ ಅದನ್ನು ಹೇಳಿರುತ್ತದೆ. ಇಂಗ್ಲೆಂಡಿನಲ್ಲಿ ಈ ಚೀಟಿಯ ಭಾರ ಚಿಕ್ಕದಲ್ಲ. 1997ರಲ್ಲಿ ಸಾಧಾರಣ ಮನೆಯೊಂದರ ಬೆಲೆ ಸಾಧಾರಣ ವಾರ್ಷಿಕ ಸಂಬಳದ ಮೂರೂವರೆ ಪಟ್ಟು ಇತ್ತು. 2021ರ ಹೊತ್ತಿಗೆ ಒಂಬತ್ತು ಪಟ್ಟಾಯಿತು. ಆಲ್ಟ್ರಿಂಚಮ್ ಊರನ್ನೇ ತೆಗೆದುಕೊಳ್ಳಿ. ಮ್ಯಾಂಚೆಸ್ಟರಿಗೆ ಟ್ರಾಮ್ ಸಂಪರ್ಕವಿರುವ, ಸುತ್ತಲೂ ಸಿರಿವಂತರ ಬಡಾವಣೆಗಳಿರುವ ಈ ಊರಿನ ಪೇಟೆಯಲ್ಲಿ 2010ರ ಸುಮಾರಿಗೆ ಹತ್ತರಲ್ಲಿ ಮೂರು ಅಂಗಡಿ ಬಾಗಿಲು ಮುಚ್ಚಿದ್ದವು. ದೇಶದಲ್ಲೇ ಅತಿ ಹಾಳುಬಿದ್ದ ಪೇಟೆಗಳಲ್ಲಿ ಒಂದು ಎಂದು ಪತ್ರಿಕೆಗಳು ಬರೆದವು. ಹಳೆಯ ಮಾರುಕಟ್ಟೆ ಕಟ್ಟಡವನ್ನು ನವೀಕರಿಸಿ, ಊಟದ ಮಳಿಗೆಗಳನ್ನೂ ಉದ್ದುದ್ದ ಬೆಂಚುಗಳನ್ನೂ ಹಾಕಿದ ಮೇಲೆ ಪೇಟೆ ಮತ್ತೆ ತುಂಬಿತು. ಹತ್ತು ವರ್ಷದೊಳಗೆ ಅದು ದೇಶದ ಅತ್ಯುತ್ತಮ ಊರಾಯಿತು. ಮಾರುಕಟ್ಟೆಯನ್ನು ಎಬ್ಬಿಸಿದವರ ಜಾಣತನವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಲ್ಲಿ ಬಂದು ಕೂತು ದುಬಾರಿ ಪಿಜ್ಜಾ ತಿನ್ನಲು ಜೇಬಿನಲ್ಲಿ ಕಾಸಿದ್ದವರು ಅರ್ಧ ಗಂಟೆಯ ನಡಿಗೆಯೊಳಗೇ ವಾಸವಾಗಿದ್ದರು. ಅದೇ ಬೆಂಚುಗಳನ್ನು ಮಿಡಲ್ಸ್‌ಬರೋದಲ್ಲಿ ಹಾಕಿದ್ದರೆ ಅಷ್ಟು ಬೇಗ ತುಂಬುತ್ತಿರಲಿಲ್ಲ.

ಕೆಟ್ಟ ಊರುಗಳ ಪಟ್ಟಿಗೆ ಬೇರೆಯದೇ ಚರಿತ್ರೆ ಇದೆ, ಅದರಲ್ಲಿ ಹಾಸ್ಯ ಜಾಸ್ತಿ, ಅಳತೆ ಕಡಿಮೆ. 2003ರಲ್ಲಿ ಸ್ಯಾಮ್ ಜಾರ್ಡಿಸನ್ ಮತ್ತು ಡ್ಯಾನ್ ಕೀರನ್ ಸಂಪಾದಿಸಿದ ‘ಕ್ರ್ಯಾಪ್ ಟೌನ್ಸ್’ ಎಂಬ ಪುಸ್ತಕ ಹಲ್ ನಗರವನ್ನು ದೇಶದ ಅತಿ ದರಿದ್ರ ಊರು ಎಂದು ಸಾರಿತು. ಎರಡನೆಯ ಸಂಪುಟದಲ್ಲಿ ಆ ಬಿರುದು ಲೂಟನ್‌ಗೆ. 2013ರಲ್ಲಿ ಬಂದ ಮೂರನೆಯದರಲ್ಲಿ ಲಂಡನ್ನಿಗೇ! ಜಗತ್ತಿನ ನಾಲ್ಕು ದಿಕ್ಕುಗಳಿಂದ ಜನ ಬಂದು ಮುತ್ತುವ ನಗರ ದೇಶದ ಅತಿ ಕೆಟ್ಟ ಊರಾಗಿದ್ದು ಹೇಗೆ ಎಂದು ಕೇಳಿದರೆ, ಅಲ್ಲಿ ಬಾಡಿಗೆ ಕಟ್ಟುವವರಿಗೆ ಅರ್ಥವಾಗುತ್ತದೆ. ಊರನ್ನು ಹಳಿಯುವ ಈ ಖಯಾಲಿ ಅಲ್ಲಿ ಹಳೆಯದು. ಕವಿ ಜಾನ್ ಬೆಟ್ಜೆಮನ್ 1937ರಲ್ಲಿ ಪ್ರಕಟಿಸಿದ ಕವನದಲ್ಲಿ ಸ್ಲೌ ಪಟ್ಟಣದ ಮೇಲೆ ಬಾಂಬು ಬೀಳಲಿ ಎಂದು ಬಯಸಿದರು. ಅಲ್ಲಿನ ಕಾರ್ಖಾನೆ ಶೆಡ್ಡುಗಳು, ಡಬ್ಬಿ ಆಹಾರದ ಬದುಕು ಅವರಿಗೆ ಹಿಡಿಸಿರಲಿಲ್ಲ. ಮೂರೇ ವರ್ಷಕ್ಕೆ ನಿಜವಾದ ಬಾಂಬುಗಳು ಇಂಗ್ಲೆಂಡಿನ ಮೇಲೆ ಬಿದ್ದವು. ಆ ಕವನದ ಬಗ್ಗೆ ತಂದೆಗೆ ಆಮೇಲೆ ಬೇಸರವಿತ್ತು ಎಂದು ಅವರ ಮಗಳು 2006ರಲ್ಲಿ, ಕವಿಯ ಜನ್ಮಶತಮಾನೋತ್ಸವದ ಹೊತ್ತಿಗೆ, ಸ್ಲೌ ಜನರಿಗೆ ತಿಳಿಸಿದರು. ಕವಿ ಕಾಣದೆ ಬಿಟ್ಟದ್ದು ಇಷ್ಟು: ಅದೇ ದಶಕದಲ್ಲಿ ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಲ್ಲಿ ಕೆಲಸ ಕಳೆದುಕೊಂಡವರು ಸಾಲುಗಟ್ಟಿ ಬಂದದ್ದು ಈ ಸ್ಲೌಗೇ. ಮಾರ್ಸ್ ಚಾಕೊಲೇಟು 1932ರಲ್ಲಿ ಮೊದಲು ತಯಾರಾದದ್ದು ಅಲ್ಲಿನ ಕಾರ್ಖಾನೆಯಲ್ಲೇ. ರುಚಿವಂತನಿಗೆ ಕುರೂಪವಾದ ಊರು ಹಸಿದವನಿಗೆ ಅನ್ನ ಕೊಟ್ಟ ಊರಾಗಿತ್ತು.

ಹಾಸ್ಯ, ಕವನ, ಟೀವಿ ಎಲ್ಲವನ್ನೂ ಬದಿಗಿಟ್ಟು ಸರ್ಕಾರದ ಲೆಕ್ಕವನ್ನೇ ನಂಬೋಣ ಎನ್ನುವವರಿದ್ದಾರೆ. ಬ್ರಿಟನ್ ಸರ್ಕಾರ ಇಂಗ್ಲೆಂಡಿಗೆಂದು ಕೆಲವು ವರ್ಷಗಳಿಗೊಮ್ಮೆ ಪ್ರಕಟಿಸುವ ಕೊರತೆ ಸೂಚ್ಯಂಕ ನಿಜಕ್ಕೂ ಶ್ರದ್ಧೆಯ ಕೆಲಸ. ಒಂದೊಂದರಲ್ಲಿ ಸರಾಸರಿ 1,500 ಜನರಿರುವಂತೆ ಇಡೀ ಇಂಗ್ಲೆಂಡನ್ನು 2019ರಲ್ಲಿ 32,844 ತುಣುಕು ಮಾಡಿ, ಆದಾಯ, ಉದ್ಯೋಗ, ಶಿಕ್ಷಣ, ಆರೋಗ್ಯ, ಅಪರಾಧ, ಮನೆ ಮತ್ತು ಸೇವೆಗಳ ಲಭ್ಯತೆ, ಸುತ್ತಲಿನ ಪರಿಸರ ಎಂಬ ಏಳು ತಕ್ಕಡಿಗಳಲ್ಲಿ ತೂಗಿ ಸ್ಥಾನ ಕೊಟ್ಟರು. ಆದಾಯ ಮತ್ತು ಉದ್ಯೋಗ ಎರಡಕ್ಕೇ ಒಟ್ಟು ಶೇ 45ರಷ್ಟು ತೂಕ. ಪರಿಸರಕ್ಕೆ ಶೇ 9 ಚಿಲ್ಲರೆ. ಅಂದರೆ ಊರಿನ ಕೊರತೆ ಎಂದು ನಾವು ಓದುವುದರಲ್ಲಿ ಅರ್ಧದಷ್ಟು ಅಲ್ಲಿರುವ ಜನರ ಸಂಬಳದ ಚೀಟಿ. ಸೂಚ್ಯಂಕ ತಯಾರಿಸುವವರೇ ಪ್ರತಿ ಸಲ ಎಚ್ಚರಿಸುತ್ತಾರೆ: ಇದು ಪ್ರದೇಶಗಳ ಸ್ಥಾನ, ಅಲ್ಲಿರುವ ಪ್ರತಿಯೊಬ್ಬರದ್ದಲ್ಲ; ಕೊರತೆ ಕಡಿಮೆ ಎಂದರೆ ಸಿರಿವಂತಿಕೆ ಎಂದಲ್ಲ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಬೇರೆ ಬೇರೆ ಸೂಚ್ಯಂಕಗಳಿದ್ದು, ಒಂದನ್ನು ಇನ್ನೊಂದರ ಪಕ್ಕ ಇಡುವಂತಿಲ್ಲ. ಹಾಗಾಗಿ ‘ಬ್ರಿಟನ್ನಿನ ಅತಿ ಕೆಟ್ಟ ಊರು’ ಎಂದು ಪತ್ರಿಕೆಯೊಂದು ಈ ಸೂಚ್ಯಂಕ ತೋರಿಸಿ ಬರೆದರೆ, ಮೊದಲ ಪದದಲ್ಲೇ ತಪ್ಪಿದೆ.

2010, 2015, 2019 ಮೂರೂ ಸಲ ಈ ಸೂಚ್ಯಂಕದ ಮೊದಲ ಸ್ಥಾನದಲ್ಲಿ, ಅಂದರೆ ಅತಿ ಹೆಚ್ಚು ಕೊರತೆಯ ಜಾಗವಾಗಿ, ಇದ್ದದ್ದು ಜೇವಿಕ್. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಕ್ಲ್ಯಾಕ್ಟನ್ ಪಟ್ಟಣದ ಪಕ್ಕದಲ್ಲಿರುವ ಊರು. ಈ ಜಾಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1928ರಲ್ಲಿ ಫ್ರ್ಯಾಂಕ್ ಸ್ಟೆಡ್‌ಮನ್ ಎಂಬ ಉದ್ಯಮಿ ಇಲ್ಲಿನ ಜೌಗು ನೆಲ ಕೊಂಡು, ಲಂಡನ್ನಿನ ಸಾಮಾನ್ಯ ಸಂಸಾರಗಳಿಗೆ ಬೇಸಿಗೆ ರಜೆಯ ಪುಟ್ಟ ಮನೆಗಳಿಗೆಂದು ತುಂಡು ತುಂಡು ಮಾಡಿ ಮಾರಿದ. ಅದು ಕಾರಿನ ಮೋಹದ ಕಾಲ. ಬ್ರೂಕ್‌ಲ್ಯಾಂಡ್ಸ್ ಬಡಾವಣೆಗೆ ಕಾರ್ ರೇಸಿನ ಮೈದಾನದ ಹೆಸರು. ಬೀದಿಗಳಿಗೆ ಆಸ್ಟಿನ್ ಅವೆನ್ಯೂ, ಬೆಂಟ್ಲಿ ಅವೆನ್ಯೂ, ಹಿಲ್‌ಮನ್ ಅವೆನ್ಯೂ, ಸನ್‌ಬೀಮ್ ಅವೆನ್ಯೂ ಎಂದು ಕಾರುಗಳ ಹೆಸರು. ಹಲಗೆ ಗೋಡೆಯ, ತೆಳು ಛಾವಣಿಯ ಆ ಮನೆಗಳನ್ನು ಚಳಿಗಾಲಕ್ಕೆಂದು ಯಾರೂ ಕಟ್ಟಿರಲಿಲ್ಲ. ಮಹಾಯುದ್ಧದ ನಂತರ ಲಂಡನ್ನಿನಲ್ಲಿ ಮನೆಗೆ ಬರ ಬಂದಾಗ ಜನ ವರ್ಷವಿಡೀ ಅಲ್ಲೇ ಉಳಿದರು. 1953ರ ಜನವರಿಯ ಕೊನೆಯ ರಾತ್ರಿ ಉತ್ತರ ಸಮುದ್ರ ಉಕ್ಕಿ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಈ ಪುಟ್ಟ ಊರಿನವರು. 1970ರ ದಶಕದಲ್ಲಿ ಸ್ಥಳೀಯ ಕೌನ್ಸಿಲ್ ಈ ಬಡಾವಣೆಯ ತೆರವಿಗೆ ಕೈಹಾಕಿದಾಗ ನಿವಾಸಿಗಳು ಬಗ್ಗಲಿಲ್ಲ. ಏಕೆ ಬಗ್ಗಬೇಕು? ಹಿಂಬಾಗಿಲಿನಿಂದ ಎದ್ದು ಹೋದರೆ ಮರಳಿನ ಕಡಲತೀರ. ಈಸ್ಟ್ ಲಂಡನ್ನಿನಲ್ಲಿ ಜೀವಮಾನವಿಡೀ ದುಡಿದರೂ ದಕ್ಕದ ಸ್ವಂತ ಸೂರು ಇಲ್ಲಿತ್ತು. 2018ರಲ್ಲಿ ಅಮೆರಿಕದ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿಯೊಬ್ಬರು ಜೇವಿಕ್‌ನ ಗುಂಡಿ ಬಿದ್ದ ರಸ್ತೆಯ ಚಿತ್ರ ಹಾಕಿ, ಎದುರಾಳಿ ಗೆದ್ದರೆ ನಮ್ಮ ಗತಿ ಇದು ಎಂದು ಹೆದರಿಸಿದರು. ಆ ಹೊತ್ತಿಗಾಗಲೇ ಆ ರಸ್ತೆಗಳಿಗೆ ಟಾರು ಬಿದ್ದಿತ್ತು. ಹಾಗೆಂದು ಜೇವಿಕ್ ಸ್ವರ್ಗವೆಂದಲ್ಲ. ಕೆಲಸವಿಲ್ಲ, ರೋಗ ಹೆಚ್ಚು, ಮನೆಗಳಲ್ಲಿ ತೇವ. ಆದರೆ ರಜೆಗೆಂದು ಕಟ್ಟಿದ ಗುಡಿಸಲಿಗೆ ದೇಶದ ಮನೆ ಕೊರತೆಯನ್ನು ತುಂಬಿಸಿ, ಆಮೇಲೆ ಅದು ಒಳ್ಳೆಯ ಊರಾಗಲಿಲ್ಲ ಎಂದು ಮೂರು ಸಲ ಸರ್ಟಿಫಿಕೇಟು ಕೊಟ್ಟರೆ, ತಪ್ಪು ಊರಿನದೇ?

ಜೇವಿಕ್‌ನಲ್ಲಿ ಚಿಕ್ಕದಾಗಿ ನಡೆದದ್ದು ಬ್ಲ್ಯಾಕ್‌ಪೂಲ್‌ನಲ್ಲಿ ದೊಡ್ಡದಾಗಿ ನಡೆಯಿತು. 2019ರ ಸೂಚ್ಯಂಕದ ಮೊದಲ ಹತ್ತರಲ್ಲಿ ಎಂಟು ತುಣುಕುಗಳು ಈ ಒಂದೇ ಊರಿನವು. ಹಿಂದೆ ಲ್ಯಾಂಕಾಶೈರಿನ ಬಟ್ಟೆ ಗಿರಣಿಗಳಿಗೆ ಇಡೀ ಒಂದು ವಾರದ ರಜೆ ಬಂದರೆ ಇಡೀ ಊರಿಗೆ ಊರೇ ರೈಲು ಹತ್ತಿ ಇಲ್ಲಿಗೆ ಬರುತ್ತಿತ್ತು. ಅವರಿಗಾಗಿ ಎದ್ದ ಸಾವಿರಾರು ಬೋರ್ಡಿಂಗ್ ಹೌಸುಗಳು, ಸ್ಪೇನಿನ ಬಿಸಿಲಿಗೆ ವಿಮಾನ ಟಿಕೆಟು ಅಗ್ಗವಾಗುತ್ತಿದ್ದಂತೆ ಖಾಲಿಯಾದವು. ಖಾಲಿ ಮನೆಯ ಮಾಲೀಕನಿಗೆ ಒಂದು ದಾರಿ ಹೊಳೆಯಿತು. ಕೋಣೆಗೊಂದು ವಾಶ್‌ಬೇಸಿನ್ ಹೇಗೂ ಇದೆ. ಒಂದು ಸಣ್ಣ ಒಲೆ ಇಟ್ಟು, ಬಾಗಿಲಿಗೊಂದು ನಂಬರು ಬರೆದರೆ ಅದೇ ‘ಮನೆ’. ಅಲ್ಲಿಗೆ ಬಾಡಿಗೆಗೆ ಬರುವವನ ಪರವಾಗಿ ಸರ್ಕಾರ ಭತ್ಯೆ ಕೊಡುತ್ತದೆ, ಆ ಭತ್ಯೆಯ ದರವನ್ನು ಸುತ್ತಲಿನ ವಿಶಾಲ ಪ್ರದೇಶದ ಬಾಡಿಗೆಗಳನ್ನು ನೋಡಿ ನಿಗದಿ ಮಾಡುತ್ತದೆ. ಪಕ್ಕದ ಅನುಕೂಲಸ್ಥ ಊರಿನ ಬಾಡಿಗೆಯೂ ಲೆಕ್ಕಕ್ಕೆ ಸೇರುವುದರಿಂದ, ಒಳಪೇಟೆಯ ಕೊಳಕು ಕೋಣೆಗೂ ತಪ್ಪದ ಆದಾಯ. ಕೋಣೆಯನ್ನು ರಿಪೇರಿ ಮಾಡಿಸಿದರೆ ಒಂದು ಪೌಂಡೂ ಹೆಚ್ಚು ಬರುವುದಿಲ್ಲ. ಮಾಡಿಸದಿದ್ದರೆ ಒಂದು ಪೌಂಡೂ ಕಡಿಮೆಯಾಗುವುದಿಲ್ಲ. ಮ್ಯಾಂಚೆಸ್ಟರಿನಲ್ಲಿ, ಗ್ಲ್ಯಾಸ್ಗೋದಲ್ಲಿ ಕೆಲಸ ಹೋದವರು, ಸಂಸಾರ ಮುರಿದವರು, ಕುಡಿತಕ್ಕೆ ಬಿದ್ದವರು, ಬಾಲ್ಯದಲ್ಲಿ ಅಪ್ಪ ಅಮ್ಮನ ಕೈ ಹಿಡಿದು ಐಸ್‌ಕ್ರೀಮು ತಿಂದ ನೆನಪಿನ ಊರನ್ನು ಹುಡುಕಿಕೊಂಡು ಬಂದು ಆ ಕೋಣೆ ಸೇರಿದರು. ಊರಿನ ಆರೋಗ್ಯವಂತ ಹುಡುಗ ಹುಡುಗಿಯರು ಎದುರು ದಿಕ್ಕಿನ ರೈಲು ಹತ್ತಿದರು. ಕೆಟ್ಟು ಪಟ್ಟಣ ಸೇರು ಎಂಬುದು ನಮ್ಮ ಗಾದೆ. ಇಂಗ್ಲೆಂಡಿನಲ್ಲಿ ಪಟ್ಟಣದ ಬಾಡಿಗೆ ಕೈಗೆಟುಕದೆ, ಕೆಟ್ಟವರು ಕಡಲತೀರ ಸೇರುತ್ತಾರೆ. ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಕ್ರಿಸ್ ವಿಟಿ 2021ರ ತಮ್ಮ ವಾರ್ಷಿಕ ವರದಿಯನ್ನು ಇಡಿಯಾಗಿ ಕರಾವಳಿ ಊರುಗಳ ಆರೋಗ್ಯಕ್ಕೇ ಮೀಸಲಿಟ್ಟರು. ಪ್ರವಾಸಿಗರಿಗೆ ಸುಂದರವಾಗಿ ಕಾಣುವ ತೀರಗಳಲ್ಲೇ ದೇಶದ ಅತಿ ಕೆಟ್ಟ ಆರೋಗ್ಯ ಅಡಗಿದೆ ಎಂದರು. ದೂರದ ಬೆಟ್ಟ ಮಾತ್ರವಲ್ಲ, ದೂರದ ಬೀಚೂ ನುಣ್ಣಗೆ.

ಜನರೇ ಹೀಗೆ ತೇಲಿಬಂದು ಸೇರುವುದು ಒಂದು ಕಡೆ. ಸರ್ಕಾರವೇ ಕಳಿಸಿಕೊಡುವುದು ಇನ್ನೊಂದು. 1999ರ ಕಾನೂನಿನಡಿ, ಆಶ್ರಯ ಕೋರಿ ಬಂದ ವಿದೇಶೀಯರನ್ನು ಲಂಡನ್ನಿನಿಂದಾಚೆ, ಮನೆ ಅಗ್ಗವಾಗಿ ಸಿಗುವ ಊರುಗಳಿಗೆ ಹಂಚಲಾಯಿತು. ಅಗ್ಗ ಎಲ್ಲಿ? ಮಿಡಲ್ಸ್‌ಬರೋದಂಥ ಕಡೆ. 2016ರ ಜನವರಿಯಲ್ಲಿ ಅಲ್ಲಿ ಒಂದು ಸಂಗತಿ ಬಯಲಾಯಿತು: ಹೀಗೆ ಬಂದವರನ್ನಿಟ್ಟಿದ್ದ ಮನೆಗಳಲ್ಲಿ ಬಹುಪಾಲಿನ ಮುಂಬಾಗಿಲಿಗೆ ಒಂದೇ ಕೆಂಪು ಬಣ್ಣ. ಗುತ್ತಿಗೆದಾರರು ಉದ್ದೇಶವೇನೂ ಇರಲಿಲ್ಲ, ಸಗಟಾಗಿ ಕೊಂಡ ಬಣ್ಣ ಎಂದರು. ಆದರೆ ಕಲ್ಲು ಹೊಡೆಯುವವರಿಗೆ ಯಾವ ಬಾಗಿಲು ಎಂದು ಹುಡುಕುವ ಕಷ್ಟ ತಪ್ಪಿತ್ತು. ಬೇರೆ ಬಣ್ಣ ಬಳಿಸಲಾಯಿತು. ಲಂಡನ್ನಿನ ಕೌನ್ಸಿಲುಗಳೂ ಸೂರಿಲ್ಲದ ಸಂಸಾರಗಳನ್ನು ಎಷ್ಟೋ ಸಲ ಕೆಂಟ್, ಎಸೆಕ್ಸ್‌ಗಳ ಅಗ್ಗದ ಊರುಗಳಿಗೆ ಸಾಗಿಸುತ್ತವೆ. ಮುಂದಿನ ವರ್ಷದ ಪಟ್ಟಿಯಲ್ಲಿ ಆ ಊರು ಇನ್ನೆರಡು ಸ್ಥಾನ ಕೆಳಗಿಳಿದರೆ ಆಶ್ಚರ್ಯವೇನು?

ಈಗ ಮೊದಲ ಪ್ರಶ್ನೆಗೆ ಬರೋಣ. ಹ್ಯಾಕ್ನಿ ಎದ್ದದ್ದು ಹೇಗೆ? ಈ ಶತಮಾನದ ಆರಂಭದಲ್ಲಿ ಅದರ ಸ್ಥಿತಿ ಶೋಚನೀಯವೇ ಆಗಿತ್ತು. ಕೌನ್ಸಿಲಿನ ಖಜಾನೆ ಬರಿದು; ಕ್ಲ್ಯಾಪ್ಟನ್‌ನ ಒಂದು ರಸ್ತೆಗೆ ಪತ್ರಿಕೆಗಳು ಕೊಲೆಗಳ ಬೀದಿ ಎಂದು ಹೆಸರಿಟ್ಟಿದ್ದವು; ದೇಶದ ಅತಿ ಕೆಟ್ಟ ಶಾಲೆ ಎಂದು ಹೆಸರು ಕೆಡಿಸಿಕೊಂಡ ಹ್ಯಾಕ್ನಿ ಡೌನ್ಸ್ ಶಾಲೆಯನ್ನು 1995ರಲ್ಲೇ ಮುಚ್ಚಲಾಗಿತ್ತು. ಅದೇ ಜಾಗದಲ್ಲಿ 2004ರಲ್ಲಿ ಹೊಸ ಶಾಲೆ ತೆರೆಯಿತು, ಫಲಿತಾಂಶದಲ್ಲಿ ದೇಶದ ಗಮನ ಸೆಳೆಯಿತು. 2010ರಲ್ಲಿ ಡಾಲ್‌ಸ್ಟನ್, ಹ್ಯಾಗರ್‌ಸ್ಟನ್, ಹಾಕ್ಸ್‌ಟನ್‌ಗೆ ಹೊಸ ರೈಲು ಬಂತು. 2012ರ ಒಲಿಂಪಿಕ್ಸ್ ಬಾಗಿಲಲ್ಲೇ ನಡೆಯಿತು. ಇವೆಲ್ಲ ಸುಳ್ಳಲ್ಲ, ಸಣ್ಣವೂ ಅಲ್ಲ. ಆದರೆ ಇದಕ್ಕೆಲ್ಲ ಹಿಂದೆ ಬದಲಾಗದ ಒಂದು ಅಂಶವಿತ್ತು: ಹ್ಯಾಕ್ನಿಯ ದಕ್ಷಿಣ ಅಂಚಿನಿಂದ ಲಂಡನ್ನಿನ ಬ್ಯಾಂಕುಗಳ ಪೇಟೆಗೆ ನಡೆದೇ ಹೋಗಬಹುದು. ಹೊಸ ಸಂಬಳದವರು ಬಂದರು, ಮನೆಯ ಬೆಲೆ 1990ರ ದಶಕದ ನಡುವಿನಿಂದ ಎರಡು ದಶಕಗಳಲ್ಲಿ ಏಳು ಪಟ್ಟಿಗೂ ಮೀರಿ ಏರಿತು, ಸೂಚ್ಯಂಕದಲ್ಲಿ 2010ರಲ್ಲಿ ಇಂಗ್ಲೆಂಡಿನ ಎರಡನೆಯ ಅತಿ ಹಿಂದುಳಿದ ಆಡಳಿತ ಪ್ರದೇಶವಾಗಿದ್ದದ್ದು 2019ರಲ್ಲಿ ಇಪ್ಪತ್ತೆರಡನೆಯದಾಯಿತು. ಹಳೆಯ ಬಡವರು ಉದ್ಧಾರವಾದರೋ, ಹೊಸ ಉಳ್ಳವರು ಬಂದು ಸರಾಸರಿಯನ್ನು ಮೇಲೆತ್ತಿದರೋ ಎಂಬುದನ್ನು ಸೂಚ್ಯಂಕ ಹೇಳಲಾರದು. ಹ್ಯಾಕ್ನಿಯ ಐದು ಮನೆಗಳಲ್ಲಿ ಎರಡರಷ್ಟು ಇಂದಿಗೂ ಕೌನ್ಸಿಲಿನ ಅಥವಾ ವಸತಿ ಸಂಘಗಳ ಬಾಡಿಗೆ ಮನೆಗಳು. ಆ ಬಾಗಿಲುಗಳ ಹಿಂದಿನ ಹಳಬರು ಉಳಿದುಕೊಂಡರು. ಖಾಸಗಿ ಬಾಡಿಗೆಯಲ್ಲಿದ್ದವರು ಗಂಟುಮೂಟೆ ಕಟ್ಟಿದರು. ಅವರಲ್ಲಿ ಕೆಲವರಾದರೂ ಇಂದು ಯಾವುದೋ ಕರಾವಳಿ ಊರಿನ ಕೆಟ್ಟ ಅಂಕಿಯೊಳಗೆ ಸೇರಿರಲೇಬೇಕು.

ಮಿಡಲ್ಸ್‌ಬರೋಗೆ ಈ ನೆರೆಹೊರೆಯ ಭಾಗ್ಯವಿಲ್ಲ. 1801ರಲ್ಲಿ ಅಲ್ಲಿ ಇದ್ದದ್ದು 25 ಜನ. 1830ರಲ್ಲಿ ಕಲ್ಲಿದ್ದಲಿನ ರೈಲು ಬಂತು, 1850ರಲ್ಲಿ ಎಸ್ಟನ್ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಸಿಕ್ಕಿತು. 1862ರಲ್ಲಿ ಭೇಟಿಕೊಟ್ಟ ರಾಜಕಾರಣಿ ಗ್ಲ್ಯಾಡ್‌ಸ್ಟನ್ ಅದನ್ನು ಮಗು ಹರ್ಕ್ಯುಲಿಸ್ ಎಂದು ಹೊಗಳಿದರು. ಸಿಡ್ನಿ ಬಂದರಿನ ಪ್ರಸಿದ್ಧ ಸೇತುವೆಯನ್ನು ಕಟ್ಟಿದ್ದು ಈ ಊರಿನ ಡಾರ್ಮನ್ ಲಾಂಗ್ ಕಂಪನಿ. ಒಂದು ಕಾರಣಕ್ಕೆ ಹುಟ್ಟಿದ ಊರಿಗೆ ಆ ಕಾರಣ ತೀರಿದಾಗ ಕಷ್ಟ. ಪಕ್ಕದ ರೆಡ್‌ಕಾರ್‌ನ ಉಕ್ಕಿನ ಕಾರ್ಖಾನೆ 2015ರಲ್ಲಿ ಮುಚ್ಚಿ, ಎರಡು ಸಾವಿರಕ್ಕೂ ಹೆಚ್ಚು ಜನ ಒಮ್ಮೆಗೇ ಕೆಲಸ ಕಳೆದುಕೊಂಡರು. 2019ರ ಸೂಚ್ಯಂಕದಲ್ಲಿ ಮಿಡಲ್ಸ್‌ಬರೋದ ಅರ್ಧದಷ್ಟು ತುಣುಕುಗಳು ದೇಶದ ಅತಿ ಹಿಂದುಳಿದ ಶೇ 10ರೊಳಗೆ ಇದ್ದವು. ಬೇರೆ ಯಾವ ಆಡಳಿತ ಪ್ರದೇಶದಲ್ಲೂ ಈ ಪ್ರಮಾಣ ಇಷ್ಟಿರಲಿಲ್ಲ. ಲಂಡನ್ನಿನಲ್ಲಿ ಫ್ಲ್ಯಾಟಿನ ಮುಂಗಡಕ್ಕೆ ಬೇಕಾಗುವ ಹಣದಲ್ಲಿ ಇಲ್ಲಿ ಸಾಲುಮನೆಯೊಂದು ಪೂರ್ತಿ ಬರುತ್ತದೆ. ಆದರೂ ಯಾರೂ ನುಗ್ಗಿ ಬರುತ್ತಿಲ್ಲ, ಏಕೆಂದರೆ ಮನೆ ಇದ್ದಲ್ಲಿ ಸಂಬಳವಿಲ್ಲ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಕಾರಣ ಏನೇ ಇರಲಿ, ಬದುಕುವವನಿಗೆ ಬೇಕಾದದ್ದು ಫಲ. ಹ್ಯಾಂಪ್‌ಶೈರಿನ ಹಾರ್ಟ್ ಎಂಬಲ್ಲಿ, 2015ರವರೆಗೆ ಸತತ ಐದು ವರ್ಷ ಹ್ಯಾಲಿಫ್ಯಾಕ್ಸ್ ಬ್ಯಾಂಕಿನ ಒಳ್ಳೆಯ ಊರುಗಳ ಪಟ್ಟಿಯಲ್ಲಿ ಮೊದಲಿದ್ದ ಜಾಗದಲ್ಲಿ, ಗಂಡಸರ ಸರಾಸರಿ ಆಯುಷ್ಯ ಬ್ಲ್ಯಾಕ್‌ಪೂಲಿನವರದ್ದಕ್ಕಿಂತ ಸುಮಾರು ಹತ್ತು ವರ್ಷ ಹೆಚ್ಚು. ಹತ್ತು ವರ್ಷವೆಂದರೆ ಮೊಮ್ಮಕ್ಕಳ ಮದುವೆ ನೋಡುವುದಕ್ಕೂ ನೋಡದಿರುವುದಕ್ಕೂ ಇರುವ ಅಂತರ, ಇದನ್ನು ತೂಗಲೂಬಾರದೇ? ತೂಗಬೇಕು, ನಿಜ. ಆದರೆ ಹಾರ್ಟ್‌ನ ಗಾಳಿಯಲ್ಲಿ ಆ ಹತ್ತು ವರ್ಷವಿಲ್ಲ. ಕಾಯಿಲೆಯವರು ಅಗ್ಗದ ಊರಿಗೆ ಬಂದು ಸೇರುತ್ತಾರೆ, ಆರೋಗ್ಯವಂತರು ದುಬಾರಿ ಊರಿಗೆ ಹೋಗುತ್ತಾರೆ. ಎರಡು ಊರುಗಳ ಲೆಕ್ಕ ಹಾಕಿದಾಗ ಆ ಸಾಗಾಟವೇ ಊರಿನ ಗುಣವಾಗಿ ಕಾಣುತ್ತದೆ. ಒಳ್ಳೆಯ ಸಂಬಳದ, ಸಿಗರೇಟು ಸೇದದ ಶಿಕ್ಷಕಿಯೊಬ್ಬಳು ಬ್ಲ್ಯಾಕ್‌ಪೂಲಿಗೆ ಹೋದ ಮಾತ್ರಕ್ಕೆ ಅವಳ ಆಯುಷ್ಯದಲ್ಲಿ ಹತ್ತು ವರ್ಷ ಉದುರುವುದಿಲ್ಲ. ಊರಿನದ್ದೇ ಆದ ಪ್ರಭಾವ ಇಲ್ಲವೇ ಇಲ್ಲ ಎಂದು ಹೇಳುತ್ತಿಲ್ಲ. ಡಾಕ್ಟರು ಸಿಗುವುದು, ಬಸ್ಸು ಬರುವುದು, ಗೋಡೆಯಲ್ಲಿ ಬೂಷ್ಟು ಹಿಡಿಯದಿರುವುದು ಊರಿಗೇ ಸೇರಿದ ಸಂಗತಿಗಳು. ಅವುಗಳನ್ನು ಬೇರೆಯಾಗಿ ಅಳೆದರೆ ಸರಿಪಡಿಸಬಹುದು. ಎಲ್ಲವನ್ನೂ ಕಲಸಿ ಒಂದು ಅಂಕಿ ಮಾಡಿದರೆ ಬೈಯಲು ಮಾತ್ರ ಬರುತ್ತದೆ.

ಹಾಗಿದ್ದರೆ ಅಲ್ಲಿರುವವರನ್ನೇ ಕೇಳಿಬಿಡಿ ಎಂಬುದು ಇನ್ನೊಂದು ಸಲಹೆ. 2011ರಿಂದ ಬ್ರಿಟನ್ನಿನ ಅಂಕಿಅಂಶ ಕಚೇರಿ ಇದನ್ನು ಮಾಡುತ್ತಿದೆ. ಬದುಕು ತೃಪ್ತಿಕರವೇ, ಸಾರ್ಥಕವೇ, ನಿನ್ನೆ ಸಂತೋಷವಾಗಿದ್ದಿರಾ, ಎಷ್ಟು ಆತಂಕವಿತ್ತು ಎಂಬ ನಾಲ್ಕು ಪ್ರಶ್ನೆಗಳಿಗೆ ಸೊನ್ನೆಯಿಂದ ಹತ್ತರೊಳಗೆ ಉತ್ತರ. ಮತ್ತೆ ಮತ್ತೆ ಮೇಲೆ ಬರುವುದು ಸ್ಕಾಟ್ಲೆಂಡಿನ ಗಾಳಿ ಬೀಸುವ ದ್ವೀಪಗಳು, ಉತ್ತರ ಐರ್ಲೆಂಡಿನ ಹಳ್ಳಿಗಾಡು. ಸಂಬಳದಲ್ಲಿ ಮುಂದಿರುವ ಲಂಡನ್ ತೃಪ್ತಿಯಲ್ಲಿ ಹಿಂದೆ. ಹಣವೇ ಎಲ್ಲ ಅಲ್ಲವೆಂದು ಸಂಭ್ರಮಿಸುವ ಮೊದಲು ಒಂದು ಮಾತು. ಆರ್ಕ್ನಿಯಲ್ಲೋ ಹೆಬ್ರಿಡೀಸ್‌ನಲ್ಲೋ ಬೇಸರವಾದ ಹುಡುಗ ದೋಣಿ ಹತ್ತಿ ಗ್ಲ್ಯಾಸ್ಗೋಗೆ ಹೋಗಿರುತ್ತಾನೆ. ಪ್ರಶ್ನೆ ಕೇಳುವವರು ಬಂದಾಗ ಮನೆಯಲ್ಲಿರುವುದು ಅಲ್ಲೇ ಇರಲು ಇಷ್ಟಪಟ್ಟವರು. ಅತೃಪ್ತರನ್ನೆಲ್ಲ ರಫ್ತು ಮಾಡುವ ಊರು ತೃಪ್ತರ ಊರಾಗುವುದು ಸುಲಭ. ಕೆಟ್ಟ ಹೆಸರು ಬಂದರೆ ಅನುದಾನವಾದರೂ ಬರುತ್ತದೆ ಎಂಬ ಸಮಾಧಾನಕ್ಕೂ ಪುರಾವೆ ಅರೆಬರೆ. 2019ರಲ್ಲಿ 101 ಊರುಗಳಿಗೆಂದು ಸರ್ಕಾರ ಟೌನ್ಸ್ ಫಂಡ್ ಘೋಷಿಸಿತು. ಊರುಗಳನ್ನು ಆರಿಸಿದ ರೀತಿ ನಿಷ್ಪಕ್ಷಪಾತವಾಗಿರಲಿಲ್ಲ ಎಂದು ಮರುವರ್ಷ ಪಾರ್ಲಿಮೆಂಟಿನ ಲೆಕ್ಕಪತ್ರ ಸಮಿತಿಯೇ ಹೇಳಿತು. ಹಲ್ ನಗರ 2017ರಲ್ಲಿ ಬ್ರಿಟನ್ನಿನ ಸಂಸ್ಕೃತಿ ನಗರಿಯಾಯಿತು. ಅದಕ್ಕಿಂತ ಹೆಚ್ಚು ಕಾಲ ಉಳಿಯುವುದು ಅದರ ಬಂದರಿನಲ್ಲಿ 2016ರಲ್ಲಿ ತೆರೆದ ಸೀಮೆನ್ಸ್‌ನ ಗಾಳಿಯಂತ್ರದ ರೆಕ್ಕೆಗಳ ಕಾರ್ಖಾನೆ ಎಂದು ನನ್ನ ಅನಿಸಿಕೆ.

ಕನ್ನಡಿಗರಿಗೂ ಈ ಭೂಪಟಕ್ಕೂ ಒಂದು ಹಳೆಯ ನಂಟಿದೆ. ವೇಲ್ಸ್‌ನ ಗಣಿ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ವೈದ್ಯರ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿ ವೈದ್ಯರು ಕಡಿಮೆ ಎಂಬುದು ಅದರ ಸಾರ. ಹೀಗೆ ಬ್ರಿಟಿಷ್ ವೈದ್ಯರು ಬೆನ್ನು ತೋರಿಸಿದ ಗಣಿ ಕಣಿವೆಗಳಿಗೆ, ಗಿರಣಿ ಊರುಗಳಿಗೆ, ನಗರದೊಳಗಿನ ಬಡ ಬಡಾವಣೆಗಳಿಗೆ ಹೋದವರು ಭಾರತ ಉಪಖಂಡದ ವೈದ್ಯರು. ಭಾರತದ ವೈದ್ಯಕೀಯ ಪದವಿಗೆ 1975ರವರೆಗೆ ಅಲ್ಲಿ ನೇರ ಮಾನ್ಯತೆ ಇತ್ತು. ಮೈಸೂರು, ಬೆಂಗಳೂರು, ಮಣಿಪಾಲಗಳಲ್ಲಿ ಓದಿದವರೂ ಹೋದರು. 1983ರಲ್ಲಿ ಶುರುವಾದ ಕನ್ನಡ ಬಳಗ ಯುಕೆಯನ್ನು ಬೆಳೆಸಿದವರಲ್ಲಿ ವೈದ್ಯ ಕುಟುಂಬಗಳದೇ ದೊಡ್ಡ ಪಾಲು. ಪಟ್ಟಿ ನೋಡಿ ಊರು ಆರಿಸುವ ಅವಕಾಶ ಅಂದಿನವರಿಗಿರಲಿಲ್ಲ; ಕೆಲಸ ಕರೆದಲ್ಲಿ ಇಳಿದರು, ಪಟ್ಟಿಗಳು ಕೆಟ್ಟದ್ದೆಂದ ಊರುಗಳಲ್ಲಿ ಮೂವತ್ತು ವರ್ಷ ನಾಡಿ ಹಿಡಿದು ಕೂತರು. ಇಂದು ಬೆಂಗಳೂರಿನಿಂದ ನರ್ಸ್ ಕೆಲಸಕ್ಕೋ ಸಾಫ್ಟ್‌ವೇರಿಗೋ ಹೊರಟವರು ಮೊಬೈಲಿನಲ್ಲಿ ಈ ಪಟ್ಟಿ ತೆರೆಯುವುದು ಸಹಜ. ತೆರೆಯಲಿ. ಆದರೆ ಊರಿನ ಸ್ಥಾನ ಬಿಟ್ಟು ನಾಲ್ಕು ವಿಚಾರ ಕೇಳಲಿ: ಬಾಡಿಗೆ ಕಳೆದು ಸಂಬಳದಲ್ಲಿ ಕೈಗೆಷ್ಟು ಉಳಿಯುತ್ತದೆ, ರಾತ್ರಿ ಪಾಳಿ ಮುಗಿದಾಗ ಬಸ್ಸಿದೆಯೇ, ಮಗುವಿನ ಶಾಲೆಯಲ್ಲಿ ಜಾಗವಿದೆಯೇ, ಮನೆಯ ಗೋಡೆ ಒಣಗಿದೆಯೇ. ಸ್ಥಾನ 300 ಇದ್ದ ಊರಿನ ಒಳ್ಳೆಯ ಬೀದಿ, ಸ್ಥಾನ 3 ಇದ್ದ ಊರಿನ ಕೈಗೆಟುಕದ ಬೀದಿಗಿಂತ ಮೇಲು.

ಹೊಸ ಕೊರತೆ ಸೂಚ್ಯಂಕ 2025ರ ಅಕ್ಟೋಬರಿನಲ್ಲಿ ಹೊರಬಂತು. ಮೊದಲ ಸ್ಥಾನ ಮತ್ತೆ ಜೇವಿಕ್‌ಗೆ, ಸತತ ನಾಲ್ಕನೆಯ ಸಲ. ಅದೇ ವರ್ಷ ಸಂಡೇ ಟೈಮ್ಸ್ ದೇಶದ ಅತ್ಯುತ್ತಮ ಊರೆಂದು ಆರಿಸಿದ ಸ್ಯಾಫ್ರನ್ ವಾಲ್ಡನ್ ಅಲ್ಲಿಂದ ನೂರು ಕಿಲೋಮೀಟರು ದೂರವೂ ಇಲ್ಲ. ಎರಡೂ ಎಸೆಕ್ಸ್ ಕೌಂಟಿಯ ಊರುಗಳು. ಎರಡಕ್ಕೂ ರಸ್ತೆ ನೋಡಿಕೊಳ್ಳುವುದು ಒಂದೇ ಕೌಂಟಿ ಕೌನ್ಸಿಲ್.